ಸಗಣಿ ಸಾರಿಸಿದ ಫುಟ್‌ಬಾಲ್ ಮೈದಾನ

ಶ್ರೀರಂಗಪಟ್ಟಣ ಬಿಟ್ಟಾಗ ಮೋಡ ಕವಿದಿತ್ತು. ತೊಂಬತ್ತರ ದಶಕ, ಸುಗ್ಗಿಯ ದಿನಗಳು. ನಾಗಮಂಗಲದ ಕಾಲೇಜೊಂದರ ಫುಟ್‌ಬಾಲ್ ಪಂದ್ಯಕ್ಕೆ ನಾನು ರೆಫರಿ. ಅಲ್ಲಿನ ಕೋಚ್ ಬೋರೇಗೌಡ ಮೇಷ್ಟ್ರು ಹಿಂದೆ ನನಗೂ ಆಟ ಕಲಿಸಿದವರು. ಆಮೇಲೆ ಪಾಂಡವಪುರ, ಕೆ.ಆರ್. ಪೇಟೆಗಳಲ್ಲಿ ತಂಡ ಕಟ್ಟಿದರು. ಎರಡೂ ಕಡೆ ಕಾಲೇಜಿನವರು ಫುಟ್‌ಬಾಲನ್ನೇ ನಿಲ್ಲಿಸಿಬಿಟ್ಟರು. ಇವತ್ತಿನ ಪಂದ್ಯ ನಡೆಯದಿದ್ದರೆ ಇಲ್ಲೂ ಅಷ್ಟೇ ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿದ್ದಾರೆಂದು ಗೆಳೆಯನೊಬ್ಬ ತಿಳಿಸಿದ್ದ.

ಪಾಂಡವಪುರದಲ್ಲಿ ಅವರ ಹಳೇ ಮೈದಾನ ಕಂಡೀತೆಂದು ಕತ್ತು ಚಾಚಿದೆ. ಶೆಡ್ಡುಗಳು ಎದ್ದಿದ್ದವು. ಚಿನಕುರಳಿ ದಾಟಿದ ಮೇಲೆ ರಸ್ತೆ ತುಂಬ ಹುರುಳಿ ಹರಡಿದ್ದರು. ಬಸ್ಸಿನ ಚಕ್ರದಲ್ಲೇ ಒಕ್ಕಣೆ. ತಡವಾಗುತ್ತದೆಂದು ಗೊಣಗಿದೆ.

"ಸುಗ್ಗೀಲಿ ರೋಡೇ ಕಣ ಸಾ, ಏನ್ ಮಾಡಕ್ಕಾಯ್ತದೆ?" ಎಂದು ಡ್ರೈವರ್ ನಕ್ಕ.

ಕೆ.ಆರ್. ಪೇಟೆಯಲ್ಲಿ ತಣ್ಣಗಿನ ಇಡ್ಲಿ ತಿಂದು ಬಸ್ಸು ಬದಲಿಸಿದೆ. ನಾಗಮಂಗಲ ತಲುಪಿದಾಗ ಮಧ್ಯಾಹ್ನ. ಸೀದಾ ಕಾಲೇಜಿಗೆ ನಡೆದೆ. ಅಷ್ಟು ದೊಡ್ಡ ಮೈದಾನಕ್ಕೆ ಪೂರ್ತಿ ಸಗಣಿ ಸಾರಿಸಿದ್ದರು! ಗೆರೆಗಳೆಲ್ಲ ರಂಗೋಲಿ ಪುಡಿಯವು. ನೆಲ ಇನ್ನೂ ಹಸಿ.

ಆಟಗಾರನೊಬ್ಬನ ತಾಯಿ ಪುಟ್ಟಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. "ಊರೆಂಗಸ್ರೆಲ್ಲ ಸೇರಿ ಸಾರ್ಸಿದ್ದು ಸಾ. ಕಣದಂಗೆ ಗಟ್ಟಿಯಾದ್ರೆ ಧೂಳೇಳಕ್ಕಿಲ್ಲ, ಮಕ್ಳಿಗೆ ಕಲ್ಲೂ ಚುಚ್ಚಕ್ಕಿಲ್ಲ. ಬಿಸ್ಲು ಬಂದ್ರೆ ಒಂದ್ಗಳಿಗೇಲಿ ಒಣಗೋಯ್ತದೆ."

ಬಿಸಿಲು ಬರಲಿಲ್ಲ. ಗೋಲಿನ ಬಲೆ ತರಲು ಮಂಡ್ಯಕ್ಕೆ ಹೋಗಿದ್ದ ಮೇಷ್ಟ್ರು ಆಗಷ್ಟೇ ಬಂದು, ಬಲೆ ಹೆಗಲ ಮೇಲಿದ್ದಂತೆಯೇ ನಿಂತುಬಿಟ್ಟರು. "ನಾನ್ ಬರೋ ಒಳ್ಗೆ ಇಂಗಾಗ್ಬುಟ್ಟದಲ್ಲೋ!" ಎಂದರು.

ಎದುರು ತಂಡದ ಹುಡುಗರು ಮೈ ಬಿಸಿ ಮಾಡಿಕೊಳ್ಳಲು ಇಳಿದರು. ಒಬ್ಬ ಜಾರಿ ಬಿದ್ದು ಕಾಲು ಹಿಡಿದು ಕೂಗಿಕೊಂಡ, ಎತ್ತಿಕೊಂಡೇ ಹೋಗಬೇಕಾಯಿತು. ಇನ್ನೊಂದು ದಿನ ಬರುವುದಿಲ್ಲವೆಂದು ಅವರ ಮ್ಯಾನೇಜರ್ ಆಗಲೇ ಹೇಳಿದ್ದರು. ಎಲ್ಲರೂ ನನ್ನ ಸೀಟಿಯನ್ನೇ ನೋಡುತ್ತಿದ್ದರು. ನಾನು ಮೇಷ್ಟ್ರ ಕಡೆ ನೋಡಿದೆ.

"ನನ್ ಮೊಕ ಯಾಕ್ಲಾ ನೋಡ್ತೀಯ? ನೆಲ ನೋಡು."

ನೆಲ ನೋಡಿದೆ. "ಇಲ್ಲಿ ಆಡಿಸೋಕಾಗಲ್ಲ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅಂಚಿನಲ್ಲಿ ನಿಂತಿದ್ದ ಪ್ರಿನ್ಸಿಪಾಲರು ತಿರುಗಿ ಕಾಲೇಜಿನೊಳಗೆ ನಡೆದರು.

"ನಾವೇ ನಮ್ ಕೈಯಾರ ಮೇಷ್ಟ್ರ ಕೆಲ್ಸ ಕಳ್ದುಬುಟ್ವಲ್ಲಪ್ಪಾ!" ಎಂದು ಪುಟ್ಟಮ್ಮ ಅಲ್ಲೇ ಕುಸಿದು ಕೂತರು.

ಸಂಜೆ ಬಸ್ಸಿನಲ್ಲಿ ಕೂತಿದ್ದೆ. ಬಲೆಯ ಗಂಟು, ಒಂದು ಚೀಲ ಹಿಡಿದು ಮೇಷ್ಟ್ರೇ ಹತ್ತಿದರು! ನಾನು ತಬ್ಬಿಬ್ಬಾದೆ.

"ಇವತ್ತೇ ಹೊರಟ್ಬಿಟ್ರಾ, ಸಾರ್?"

"ಕಾಲೇಜಿನೋರು ರೂಮಿನ್ ಕೀಲಿ ಇಸ್ಕಂಡ್ಬುಟ್ರು ಕಣ್ಲಾ."

ಬಸ್ಸು ಕಾಲೇಜಿನ ಮುಂದೆ ಬಂದಾಗ ಮೋಡ ಸರಿದು ಇಳಿಬಿಸಿಲು ಬಿದ್ದಿತ್ತು. ಮೈದಾನ ಒಣಗಿತ್ತು. ಮೇಷ್ಟ್ರ ಹುಡುಗರು ತಮ್ಮಲ್ಲೇ ಎರಡು ತಂಡ ಮಾಡಿಕೊಂಡು ಬರಿಗಾಲಲ್ಲಿ ಆಡುತ್ತಿದ್ದರು. ಸುತ್ತ ಹೆಂಗಸರು ನಿಂತಿದ್ದರು. ಮೇಷ್ಟ್ರು ಸೀಟಿನಿಂದ ಎದ್ದರು, ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಗಂಟಲು ಹರಿಯುವಂತೆ ಕೂಗಿದರು:

"ಲೇ, ನೀನೇ ಒದೀಬ್ಯಾಡ ಕಣ್ಲಾ! ಪಕ್ಕದೋನಿಗ್ ಕೊಡ್ಲಾ!"