ಬಿಸಿಲಿಗೆ ಎತ್ತಿದ ಕೈ

ಗೆಳೆಯರೇ, ಇವತ್ತು ಸಂಜೆ ರಾಯಬಾಗದಿಂದ ಚಿಕ್ಕೋಡಿಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಎದುರು ಬಿಸಿಲು ಕಣ್ಣಿಗೆ ಹೊಡೆದು ರಸ್ತೆಯೇ ಕಾಣಲಿಲ್ಲ. ವೇಗ ತಗ್ಗಿಸಿ, ಎಡಗೈ ಎತ್ತಿ ಹಣೆಗೆ ಅಡ್ಡ ಹಿಡಿದೆ. ಎದುರಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ಗಕ್ಕನೆ ನಿಂತಿತು.

“ಯಾಕ್ರಿ ಸಾಹೇಬ್ರ, ಕೈ ಮಾಡಿದ್ರಿ?” ಎಂದ ಡ್ರೈವರ್.

“ನಿಮಗಲ್ರೀ, ಬಿಸಿಲಿಗೆ!”

“ಬಿಸಲು ನಿಂದ್ರತೈತೇನ್ರಿ? ನಿಂತಾಂವ ನಾ!” ಎಂದು ರೇಗಿದ. ಆಮೇಲೆ ನಕ್ಕ. “ಹೊಸಬರೇನ್ರಿ? ಚಾ ಆತೇನ್ರಿ?” ಎಂದು ಕೇಳಿ, ಒಂದು ಕಬ್ಬು ಎಳೆದು ಕೊಟ್ಟು ಹೋದ.

ಇಲ್ಲಿಗೆ ವರ್ಗವಾಗಿ ಬಂದಾಗಿನಿಂದ ನನ್ನ ಕೋಣೆಯಲ್ಲಿ ಮಾತಾಡುವುದು ರೇಡಿಯೊ ಒಂದೇ. ಅದು ಚಹಾ ಆಯಿತೇ ಎಂದು ಕೇಳುವುದಿಲ್ಲ.

ಕಪ್ಪು ಕನ್ನಡಕ ಕೊಳ್ಳಲೆಂದು ಅಂಗಡಿಯವರೆಗೂ ಹೋಗಿ ಸುಮ್ಮನೆ ವಾಪಸು ಬಂದೆ. ನಾಳೆ ಕೈ ಎತ್ತಲು ನೆಪ ಬೇಕಲ್ಲ!