ಹೂವಿನಲ್ಲೇ ಹಿಡಿದ ಅಳಿಯ

ನಮ್ಮಪ್ಪ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುವ ವ್ಯಾಪಾರಿ. ಮನೆ ಮಾಲೂರಿನಲ್ಲಿದ್ದರೂ ತೋಪುಗಳೆಲ್ಲ ಶ್ರೀನಿವಾಸಪುರದ ಕಡೆ. ಕಾಯಿ ಕಂಡ ಮೇಲೆ ತೋಪು ಹಿಡಿಯುವವನು ದಡ್ಡ ಎನ್ನುವುದು ಅವರ ಸಿದ್ಧಾಂತ. ಮರ ಹೂ ಬಿಟ್ಟಿರುವಾಗಲೇ ಹೋಗಿ, ತಲೆ ಎತ್ತಿ ಒಂದು ಸುತ್ತು ಹಾಕಿ, ಪೂರ್ತಿ ಫಸಲು ಹದಿನಾರಾಣೆಯಾದರೆ ಇದು ಹನ್ನೆರಡಾಣೆ ಬೆಳೆ, ಅದು ಎಂಟಾಣೆ ಎಂದು ಅಂದಾಜು ಕಟ್ಟಿ, ಅಗ್ಗಕ್ಕೆ ಮುಗಿಸಿಕೊಂಡು ಬರಬೇಕು. ಆಲಿಕಲ್ಲು ಬಿದ್ದು ಹೂವೆಲ್ಲ ಉದುರಿದ ವರ್ಷ ಮನೆಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಮುಂದಿನ ವರ್ಷ ಮತ್ತೆ ಹೂವಿನಲ್ಲೇ ಹಿಡಿಯುತ್ತಿದ್ದರು. ನನ್ನ ಮದುವೆಯನ್ನೂ ಹೀಗೆಯೇ ಮಾಡಿದರು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹುಡುಗ ರಾಯಲ್ಪಾಡಿನವರು, ತಂದೆಯಿಲ್ಲ. ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಇಂಟರ್‌ಮೀಡಿಯೆಟ್ ಓದಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದರು. ಮೈಸೂರಿನ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದ್ದರು. ಇಡೀ ಸಂಸ್ಥಾನದ ಹುಡುಗರೆಲ್ಲ ಮುಗಿಬೀಳುತ್ತಿದ್ದ ಕಾಲೇಜು ಅದು. ನಮ್ಮ ಜಿಲ್ಲೆಗೆ ಒಂದು ಸೀಟು ಬಂದರೆ ಊರೆಲ್ಲ ಸಕ್ಕರೆ ಹಂಚುತ್ತಿದ್ದರು. ಓದುವ ಬಡ ಹುಡುಗನಿಗೆ ಹೆಣ್ಣು ಕೊಟ್ಟು, ಓದಿನ ಖರ್ಚು ಹೊರುವ ಮಾವಂದಿರು ಆಗ ನಮ್ಮಲ್ಲಿ ಬಹಳ. ಅಪ್ಪನಿಗೂ ಡಾಕ್ಟರು ಅಳಿಯ ಬೇಕಾಗಿತ್ತು.

ಸೀಟಿನ ವಿಷಯ ತಿಳಿಯುವುದು ಆಷಾಢದಲ್ಲಿ. ಅಲ್ಲಿಯವರೆಗೆ ಕಾದರೇನು ಎಂದು ಅಮ್ಮ ಕೇಳಿದಳು.

"ಸೀಟು ಸಿಕ್ಕಿದ ಮೇಲೆ ಆ ಹುಡುಗ ನಮ್ಮ ಕೈಗೆ ಸಿಗ್ತಾನೇನೆ? ಬೆಂಗಳೂರಿನೋರು ಬಂದು ಹಾರಿಸ್ಕೊಂಡು ಹೋಗ್ತಾರೆ. ಹಿಡಿಯೋದಾದ್ರೆ ಈಗ್ಲೇ ಹಿಡೀಬೇಕು," ಎಂದರು ಅಪ್ಪ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ನಮ್ಮಪ್ಪ ಕುಲಾವಿಗೆ ಜರಿ ಅಂಚನ್ನೂ ಕಟ್ಟಿಸಿದವರು.

ಆದರೂ ಅವರದು ವ್ಯಾಪಾರಿಯ ಬುದ್ಧಿ, ಅಂದಾಜು ಬೇಕೇ ಬೇಕು. ಕೋಲಾರದಲ್ಲಿ ಒಬ್ಬ ರಿಟೈರಾದ ಹೆಡ್‌ಮಾಸ್ಟರಿದ್ದರು. ಯಾವ ಹುಡುಗನಿಗೆ ಯಾವ ಕಾಲೇಜು ಸಿಗುತ್ತದೆಂದು ಅವರು ಹೇಳಿದರೆ ಮುಗಿಯಿತು ಎಂದು ಮುಳಬಾಗಿಲಿನವರೆಗೂ ಹೆಸರು. ಅಪ್ಪ ಹುಡುಗನನ್ನು ಅಲ್ಲಿಗೇ ಕರೆಸಿದರು. ಹುಡುಗ ನನ್ನನ್ನು ನೋಡಿದಂತೆಯೂ ಆಗಲಿ ಎಂದು ನನ್ನನ್ನೂ ಕರೆದುಕೊಂಡು ಹೋದರು, ಜೊತೆಗೆ ಒಂದು ಬುಟ್ಟಿ ಮಾವಿನ ಹಣ್ಣು.

ನಾನು ಒಳಗೆ ಮೇಷ್ಟರ ಹೆಂಡತಿಯ ಜೊತೆ ಉಪ್ಪಿನಕಾಯಿಗೆ ಹೋಳು ಹೆಚ್ಚುತ್ತ ಕುಳಿತೆ. ಹೊರಗೆ ಮೇಷ್ಟರು ಹುಡುಗನ ನಂಬರುಗಳನ್ನು ಕೇಳಿದರು. ಜಾತಿ ಕೇಳಿದರು, ದೊಡ್ಡವರ ಪರಿಚಯ ಯಾರದಾದರೂ ಇದೆಯೇ ಎಂದು ಕೇಳಿದರು. ಇಂಗ್ಲಿಷ್ ಪೇಪರು ಕೊಟ್ಟು ಗಟ್ಟಿಯಾಗಿ ಓದಿಸಿದರು. ಮನೆಯಲ್ಲಿ ತೆಲುಗು ಮಾತಾಡುವ ಹುಡುಗ ಇಂಗ್ಲಿಷನ್ನೂ ಅದೇ ರಾಗದಲ್ಲಿ ಓದಿದರು. ನಡುವೆ ಎರಡು ಕಡೆ ಸ್ವರ ನಡುಗಿತು. ನನಗೇ ಕೇಳಿಸಿದ್ದು ಮೇಷ್ಟರಿಗೆ ಕೇಳಿಸದೆ ಇರುತ್ತದೆಯೇ? ಆದರೂ ಪೇಪರು ಮಡಚಿಟ್ಟು ಹೇಳಿದರು: "ಹದಿನಾಲ್ಕಾಣೆ ಖಂಡಿತ. ಉಳಿದ ಎರಡಾಣೆ ದೇವರದು."

ಮೇಷ್ಟರ ಹೆಂಡತಿ ಹೋಳಿಗೆ ಉಪ್ಪು ಬೆರೆಸುತ್ತ ನನ್ನ ಕಡೆ ಬಾಗಿದರು. "ನಮ್ಮನೆಯೋರು ಯಾರಿಗೂ ಇಲ್ಲ ಅನ್ನಲ್ಲಮ್ಮ. ಮದುವೆ ಮಾತು ಎತ್ಕೊಂಡು ಮನೆಗೆ ಬಂದೋರ ಮುಂದೆ ಅಶುಭ ನುಡೀಬಾರದು ಅಂತ ಅವರ ವ್ರತ. ಮೊನ್ನೆ ತಾಯಲೂರಿನ ಹುಡುಗನಿಗೂ ಹದಿನಾಲ್ಕಾಣೆನೇ ಹೇಳಿದ್ರು."

ಊರಿಗೆ ಬಂದೊಡನೆ ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತದೆ ಮಾಮ ಅಂದ್ನಂತೆ. ಸುಮ್ನಿರೇ, ಅಪ್ಪ ಕೇಳಿಸ್ಕೊಂಡಾರು." ಮಾರನೆಯ ದಿನವೇ ಅಪ್ಪ ಮುಳಬಾಗಿಲಿನ ಆಂಜನೇಯನ ಮುಂದೆ ನಿಂತು ಹೂವನ್ನೂ ಕೇಳಿ ಬಂದರು. ಆತನೂ ಹೂವನ್ನು ಬಲಗಡೆಯೇ ಕೊಟ್ಟ. ಶುಭಕಾರ್ಯಕ್ಕೆ ಇಲ್ಲ ಎನ್ನುವ ಧೈರ್ಯ ನಮ್ಮ ಸೀಮೆಯಲ್ಲಿ ದೇವರಿಗೂ ಇರಲಿಲ್ಲ.

ಜ್ಯೇಷ್ಠದ ಕಡೆಯ ಮುಹೂರ್ತಕ್ಕೆ ಮದುವೆಯಾಯಿತು. ಆಷಾಢ ಹುಟ್ಟುವವರೆಗಿನ ಕೆಲವು ದಿನ ರಾಯಲ್ಪಾಡಿನಲ್ಲಿದ್ದೆ. ನಮ್ಮ ಯಜಮಾನರು ಸಂಜೆ ಹೊತ್ತು ಕನ್ನಡ ಪೇಪರು ಹಿಡಿದು, ಯುದ್ಧದ ಸುದ್ದಿಯನ್ನು ತಾಯಿಗೆ ತೆಲುಗಿನಲ್ಲಿ ಓದಿ ಹೇಳುತ್ತಿದ್ದರು. ಸತ್ತವರ ಸುದ್ದಿಯನ್ನೆಲ್ಲ ಬಿಟ್ಟು ಓದುತ್ತಿದ್ದರು. ಹಡಗು ಮುಳುಗಿದರೂ ಅವರ ತೆಲುಗಿನಲ್ಲಿ ಎಲ್ಲರೂ ಈಜಿ ದಡ ಸೇರುತ್ತಿದ್ದರು. ಪಕ್ಕದಿಂದ ಇಣುಕಿ ಓದುತ್ತಿದ್ದ ನಾನು ನಕ್ಕರೆ ಅವರೂ ನಗುತ್ತಿದ್ದರು. ಅವರು ನನಗೆ ಬಹಳ ಇಷ್ಟವಾಗಿದ್ದರು. ಈ ವಯಸ್ಸಿನಲ್ಲಿ ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಮೊದಲ ಆಷಾಢಕ್ಕೆ ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ತವರಿಗೆ ಬಂದೆ. ಬಂದ ಕೆಲವೇ ದಿನಕ್ಕೆ ಸುದ್ದಿ ಬಂತು. ಸೀಟು ಸಿಕ್ಕಿರಲಿಲ್ಲ. ಶ್ರಾವಣದಲ್ಲಿ ಕರೆಯಲು ಬಂದ ನಮ್ಮತ್ತೆಗೆ ಅಪ್ಪ ಕಾಫಿ ಕೊಡಿಸಿ, ವಿನಯದಿಂದಲೇ ಹೇಳಿದರು: "ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ಲಿ. ಸೀಟಾಗ್ಲಿ, ಕಳಿಸ್ತೀವಿ."

"ಪಿಲ್ಲ ಏನ್ ಮಾಡ್ತದಯ್ಯಾ ಅದಕ್ಕೆ?" ಎಂದರು ಅತ್ತೆ. ಹುಡುಗಿಯ ತಪ್ಪೇನು ಎಂದು ಅವರೊಬ್ಬರೇ ಕೇಳಿದ್ದು.

ಆ ವರ್ಷವೆಲ್ಲ ನಾನು ಮದುವೆಯಾದ ಕನ್ಯೆ. ಬಾವಿಕಟ್ಟೆಯಲ್ಲಿ ಹೆಂಗಸರು "ಯಾವಾಗ ಹೋಗ್ತೀಯೇ?" ಎಂದರೆ ಸೀಟು ಬಂದಾಗ ಎನ್ನಬೇಕಾಗಿತ್ತು. ನನಗೇನು ಬಸ್ಸಿನ ಸೀಟೇ ಎಂದು ಸಿಟ್ಟು ಬರುತ್ತಿತ್ತು. ಬೇಸಿಗೆಯಲ್ಲಿ ಅಪ್ಪ ಮತ್ತೆ ಬುಟ್ಟಿ ಹೊರಿಸಿಕೊಂಡು ಕೋಲಾರಕ್ಕೆ ಹೋಗಿ ಬಂದರು. ಈ ಸಲ ಮೇಷ್ಟರು ಹದಿನೈದಾಣೆ ಎಂದಿದ್ದರು. ಅಪ್ಪನ ಮುಖ ಅರಳಿತ್ತು. ಮನುಷ್ಯನಿಗೆ ಬುದ್ಧಿ ಎಲ್ಲಿ ಕೈಕೊಡುತ್ತದೆಂದು ಹೇಳಲಾಗುವುದಿಲ್ಲ. ತೋಪಿನ ವಿಷಯದಲ್ಲಾದರೆ ಅವರು ಎರಡನೆಯ ಸಲ ಅದೇ ದಲ್ಲಾಳಿಯನ್ನು ನಂಬುತ್ತಿರಲಿಲ್ಲ.

ಎರಡನೆಯ ಆಷಾಢದಲ್ಲಿ ರಾಯಲ್ಪಾಡಿನಿಂದ ನಮ್ಮ ಯಜಮಾನರೇ ಬಂದರು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನ ಮಸಿ ಅಂಗಿಯ ಮೇಲಿತ್ತು. ಬಾಗಿಲಲ್ಲಿ ಅವರನ್ನು ಕಂಡೊಡನೆ ಅಪ್ಪನಿಗೆ ಅರ್ಥವಾಯಿತು. ಎದ್ದು ಕೋಣೆಗೆ ಹೋಗಿ ಕದ ಹಾಕಿಕೊಂಡರು. ಅಮ್ಮ ನೀರು ಕೊಟ್ಟು ಅಡುಗೆಮನೆ ಸೇರಿದಳು. ಜಗಲಿಯಲ್ಲಿ ನಾವಿಬ್ಬರೇ ಉಳಿದೆವು.

"ಸಿಗಲಿಲ್ಲ," ಎಂದರು.

ನಾನು ತಲೆಯಾಡಿಸಿದೆ.

"ಸಿಗಲ್ಲ ಅಂತ ನನಗೆ ಮೊದಲ್ನೇ ವರ್ಷವೇ ಗೊತ್ತಿತ್ತು. ನನಗಿಂತ ಚೆನ್ನಾಗಿ ಮಾಡಿದೋರು ನಮ್ಮ ಕ್ಲಾಸಲ್ಲೇ ಬೇಕಾದಷ್ಟು ಜನ ಇದ್ರು. ರಕ್ತ ಕಂಡ್ರೆ ತಲೆ ತಿರುಗುತ್ತೆ ನನಗೆ. ನಿಮ್ಮಪ್ಪ ಮೇಷ್ಟ್ರನ್ನ ಕೇಳಿದ್ರು, ದೇವರನ್ನ ಕೇಳಿದ್ರು. ನನ್ನ ಒಂದ್ಮಾತು ಕೇಳಲಿಲ್ಲ."

"ನೀವೇ ಹೇಳಬಹುದಿತ್ತು."

"ನಮ್ಮಮ್ಮ ಅಷ್ಟು ಆಸೆ ಇಟ್ಕೊಂಡಿದ್ಲು," ಎಂದು ನೀರಿನ ಲೋಟವನ್ನು ಕೆಳಗಿಟ್ಟರು. ಆಮೇಲೆ ನೇರವಾಗಿ ನನ್ನನ್ನು ನೋಡಿದರು. "ಈಗ ನಾನು ನಿನ್ನ ಕೇಳ್ತಾ ಇದೀನಿ. ಸೀಟಿಲ್ಲ, ಇನ್ನು ಅರ್ಜಿನೂ ಹಾಕಲ್ಲ. ಊರಲ್ಲಿ ಒಂದಿಷ್ಟು ಹೊಲ ಇದೆ, ಎಲ್ಲಾದ್ರೂ ಮೇಷ್ಟ್ರ ಕೆಲಸ ಹುಡುಕ್ತೀನಿ. ಬರ್ತೀಯಾ?"

ಬರುತ್ತೇನೆ ಎನ್ನುವುದಕ್ಕೇ ನಾನು ಬಾಯಿ ತೆರೆದದ್ದು. ಹೊರಗೆ ಬಂದ ಮಾತು ಮಾತ್ರ ಬೇರೆ.

"ಅಪ್ಪನ್ನ ಕೇಳಿ," ಎಂದೆ.

ಅವರು ಮುಚ್ಚಿದ ಕದವನ್ನು ಒಂದು ಸಲ ನೋಡಿದರು. ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದವರು ಸೈನ್ಯದಲ್ಲಿ ಗುಮಾಸ್ತರಾಗಿ ಸೇರಿದರೆಂದು ಆಮೇಲೆ ತಿಳಿಯಿತು. ಯುದ್ಧ ಮುಗಿದು ಎಲ್ಲರೂ ಊರಿಗೆ ಬಂದರು, ಅವರೂ ಬಂದರಂತೆ. ನನ್ನನ್ನು ಕರೆಯಲು ಯಾರೂ ಬರಲಿಲ್ಲ.