ನಾವು ಮೀನು ಬೇಯಿಸಿರಲಿಲ್ಲ

ಹಾಸನದ ನಮ್ಮ ಈಗಿನ ಮನೆಯ ಮುಂದೆ ಆಗಾಗ ಒಂದು ಬೀದಿನಾಯಿ ಕುಳಿತಲ್ಲಿಂದಲೇ ಹಿಂಗಾಲು ಮುಂದಕ್ಕೆ ಚಾಚಿ, ಮುಂಗಾಲಿನಿಂದ ಮೈಯನ್ನು ಎಳೆದುಕೊಂಡು, ಹಿಂಭಾಗವನ್ನು ಮಣ್ಣಿಗೆ ಉಜ್ಜುತ್ತಾ ಸಾಗುತ್ತದೆ. ಜನ ನಗುತ್ತಾರೆ. ಯಾರೋ ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಾರೆ. ಆ ನಾಯಿಗೆ ನೋವಿದೆ, ನಗಬೇಡಿ ಎಂದು ನಾನು ಗೇಟಿನಲ್ಲಿ ನಿಂತು ಹೇಳುತ್ತೇನೆ. ಹೇಳಿ ಒಳಗೆ ಬಂದು ಕೂರುತ್ತೇನೆ. ಆಗ ಹೊಳೆನರಸೀಪುರದ ಬಾಡಿಗೆ ಮನೆ, ಅದರ ಹಿಂದಿನ ಸಿಮೆಂಟಿನ ಅಂಗಳ, ಬಟ್ಟೆ ಒಗೆಯುವ ಕಲ್ಲು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತ ಅವ್ವ, ಎಲ್ಲವೂ ಒಂದು ವಾಸನೆಯ ಜೊತೆ ಹಿಂದಿರುಗುತ್ತವೆ. ಅದು ಕೆಟ್ಟ ವಾಸನೆಯೇ. ಆದರೂ ಇನ್ನೊಮ್ಮೆ ಮೂಗಿಗೆ ತಾಕಲಿ ಎಂದು ಜೀವ ಹಂಬಲಿಸುತ್ತದೆ.

ಆಗ ನಾನು ಚನ್ನರಾಯಪಟ್ಟಣದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಬೆಳಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅದಕ್ಕೆ ಮೊದಲು ಹಾಸನದಲ್ಲಿ ಮೂರು ಮನೆ ಬದಲಿಸಿದ್ದೆವು. ಈಗಿನವರು ಜಾತಿಯನ್ನು ನೇರವಾಗಿ ಕೇಳುವುದಿಲ್ಲ. ಮನೆಯಲ್ಲಿ ಏನು ಅಡುಗೆ ಮಾಡುತ್ತೀರಿ ಎಂದು ಕೇಳುತ್ತಾರೆ. ಮೂರನೆಯ ಮನೆಯವರು, ತಮ್ಮ ಒಲೆಯ ಮೇಲೆ ಕೋಳಿ ಬೇಯುತ್ತಿದ್ದಾಗಲೇ, "ನಿಮ್ಮ ಅಡುಗೆಯ ವಾಸನೆ ನಮಗೆ ಒಗ್ಗುವುದಿಲ್ಲ" ಎಂದು ಹೇಳಿ ನಮ್ಮನ್ನು ಬಿಡಿಸಿದರು. ಇದು ಅಸ್ಪೃಶ್ಯತೆ. ಬೇರೆ ಯಾವ ಸೌಮ್ಯ ಹೆಸರಿನಿಂದಲೂ ಇದನ್ನು ಕರೆಯಲು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಹೊಳೆನರಸೀಪುರದ ಮನೆಯೊಡತಿ ಎರಡು ಹಸು ಕಟ್ಟಿಕೊಂಡಿದ್ದ, ಜಮೀನುದಾರ ಕುಟುಂಬದ ಹೆಂಗಸು. ನಮ್ಮ ಸಾಮಾನು ಇಳಿಯುವಾಗ ಬುದ್ಧನ ಪಟವನ್ನು ಕಂಡರು. ಮರುದಿನ ಅವ್ವನಿಗೆ ಕಾಫಿ ಕೊಟ್ಟರು. ಅವಳಿಂದಲೇ ಲೋಟ ತೊಳೆಸಿ ಹಿತ್ತಲ ಕಿಟಕಿಯ ಹೊರಗಟ್ಟೆಯ ಮೇಲೆ ಬೋರಲು ಹಾಕಿಸಿದರು. ಆ ಸ್ಟೀಲ್ ಲೋಟ ಅಲ್ಲಿಂದ ಒಳಗೆ ಹೋಗಿದ್ದನ್ನು ನಾನು ಕಾಣಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಕೈ ಹಿಡಿದಳು.

"ಮನೆ ಸಿಕ್ಕೈತೆ. ಬಾಯಿ ಮುಚ್ಕಂಡಿರು."

"ಅವರನ್ನ ಅಮ್ಮೋರೇ ಅಂತ ಕರೀಬೇಡ ಅಂದಿದ್ದೆ."

"ಮತ್ತೇನು ಎಸ್ರಿಡ್ದು ಕರೀಲಾ? ಓಗು, ಬಸ್ಸು ಓಯ್ತದೆ."

ನಮ್ಮ ಜೊತೆ ಬಂದ ಇನ್ನೊಂದು ಜೀವ ನಮ್ಮ ನಾಯಿ. ರಾಮನಾಥಪುರದ ಹತ್ತಿರ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ ಮರಿಯನ್ನು ಚೀಲದಲ್ಲಿ ಹಾಕಿ, ಅವ್ವನ ಮಡಿಲಿಗಿಟ್ಟು ಹೋಗಿದ್ದ. ಬೆಂದ ಸೊಪ್ಪಿನದೇ ಬಣ್ಣ. ಅದಕ್ಕೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಅವ್ವ "ಕುರ್ರೋ" ಎಂದರೆ ಓಡಿ ಬರುತ್ತಿತ್ತು. ಅದರದು ಒಂದೇ ಹಟ. ಮುದ್ದೆ ತಿನ್ನಬೇಕಾದರೆ ಮೇಲೆ ಬಾಡಿನ ಸಾರು ಬೇಕು.

ಈ ಮನೆಗೆ ಬಂದ ಮೊದಲ ವಾರವೇ ಅವ್ವ ತೀರ್ಮಾನಿಸಿದಳು: ಇಲ್ಲಿ ಬಾಡೂ ಇಲ್ಲ, ಮೀನೂ ಇಲ್ಲ. ಮನೆಯೊಡತಿ ಬೇಡ ಎಂದಿರಲಿಲ್ಲ; ಅವರ ಮನೆಯಲ್ಲೂ ಭಾನುವಾರ ಮಸಾಲೆ ಅರೆಯುವ ಸದ್ದು ಕೇಳುತ್ತಿತ್ತು. ಆದರೂ ಅವ್ವನಿಗೆ ಇನ್ನೊಂದು ಮನೆ ಬಿಡುವ ಶಕ್ತಿ ಉಳಿದಿರಲಿಲ್ಲ. ಆಹಾರದ ಹಕ್ಕಿನ ಬಗ್ಗೆ ಅಧ್ಯಯನ ಶಿಬಿರಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದ ನಾನು ನನ್ನ ಅವ್ವನ ಒಲೆಯ ಮೇಲೆ ಭಯ ಕೂತಿದ್ದನ್ನು ಕಂಡೂ ಒಪ್ಪಿಕೊಂಡೆ. ತಪ್ಪುಗಳನ್ನು ಹೆಸರಿಸುವುದಾದರೆ ಇದನ್ನೂ ಹೆಸರಿಸಬೇಕು. ಬರೀ ಮುದ್ದೆಯನ್ನು ನಾಯಿ ಮೂಸಿ ನೋಡಿ ಬಿಟ್ಟಿತು. ಅಂದಿನಿಂದ ಅದಕ್ಕೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು.

ಆರು ತಿಂಗಳು ಕಳೆದಿರಬೇಕು. ಒಂದು ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಮನೆಯೊಡತಿ ಗೇಟಿನಲ್ಲಿ ನಿಂತಿದ್ದರು.

"ಟೀಚರಮ್ಮ, ಬೇಜಾರ್ ಮಾಡ್ಕಬ್ಯಾಡಿ. ಮೀನ್ ವಾಸ್ನೆ ತಡೆಯಕ್ಕಾಯ್ತಿಲ್ಲ. ಅಡ್ಗೆಮನೆ ಕಿಟಕಿ ತೆಗೆಯಂಗಿಲ್ಲ."

"ನಮ್ಮನೇಲಿ ಮೀನು ಬೇಯಿಸಿ ಆರು ತಿಂಗಳಾಯ್ತು."

"ಅಂಗಾರೆ ನಮ್ಮ ಹಸ ಬೇಯಿಸ್ತಾ? ನಾನೇನು ಸುಳ್ಳೇಳ್ತೀನಾ? ಈ ತಿಂಗ್ಳು ಕಳೆಯೋದ್ರೊಳಗೆ ಸರಿ ಮಾಡ್ಕಳಿ. ಇಲ್ಲಾಂದ್ರೆ ಬ್ಯಾರೆ ಮನೆ ನೋಡ್ಕಳಿ."

ಮೀನು ಬೇಯಿಸಿದ್ದರೆ ಬೇಯಿಸಿದ್ದೇವೆ ಎಂದು ತಲೆಯೆತ್ತಿ ಹೇಳುತ್ತಿದ್ದೆ. ಬಾಯಿ ಕಟ್ಟಿಕೊಂಡು, ನಾಯಿಯ ಬಾಯಿಯನ್ನೂ ಕಟ್ಟಿ, ಆರು ತಿಂಗಳು ಬದುಕಿದ ಮೇಲೂ ನಮ್ಮಲ್ಲಿ ಇಲ್ಲದ ವಾಸನೆ ಅವರಿಗೆ ಬಡಿಯುತ್ತದೆಯೆಂದರೆ, ಅದು ನಮ್ಮ ಅಡುಗೆಯದಲ್ಲ, ನಾವು ಹುಟ್ಟಿದ ಕೇರಿಯದು ಎಂದು ತೀರ್ಮಾನಿಸಿದೆ. ಅಂದೇ ಕುಳಿತು ಎರಡು ಹಾಳೆಯ ಎರಡೂ ಮಗ್ಗುಲು ಪತ್ರ ಬರೆದೆ. ಹಾಸನದ ಮೂರು ಮನೆ, ಸಂವಿಧಾನದ ವಿಧಿಗಳು, ಇಲ್ಲದ ವಾಸನೆಯ ಬಗ್ಗೆ ಅವರು ಹೇಳಿದ ಸುಳ್ಳು, ವಾಸನೆ ಎಂಬ ಆರೋಪವನ್ನು ನಮ್ಮ ಜನ ತಲೆಮಾರುಗಳಿಂದ ಹೊತ್ತ ಬಗೆ, ಕೊನೆಗೆ ಕಿಟಕಿಗಟ್ಟೆಯ ಲೋಟ. ಬೆಳಗ್ಗೆ ಅವರ ಕೈಗೇ ಕೊಟ್ಟು ಬಸ್ಸು ಹತ್ತಿದೆ.

ನಾನು ಕಾಣದ ಸಂಗತಿ ಬೇರೆಯೇ ನಡೆದಿತ್ತು. ಹಗಲೆಲ್ಲ ನಾಯಿ ಎರಡು ಮನೆಗಳ ನಡುವಿನ ಆ ಸಿಮೆಂಟಿನ ಅಂಗಳದಲ್ಲಿ, ಸರಿಯಾಗಿ ಅವರ ಅಡುಗೆಮನೆಯ ಕಿಟಕಿಯ ಕೆಳಗೆ, ಹಿಂಭಾಗವನ್ನು ಉಜ್ಜುತ್ತಿತ್ತು. ಕೂತಲ್ಲಿ ಕೂರದೆ ಥಟ್ಟನೆದ್ದು ಬಾಲದ ಬುಡ ಕಚ್ಚಿಕೊಳ್ಳುತ್ತಿತ್ತು. ಅವ್ವ ಅದನ್ನು ಜಂತುಹುಳವೆಂದು ಬಗೆದು ಅಂಗಡಿಯಿಂದ ಮಾತ್ರೆ ತರಿಸಿ ನುಂಗಿಸಿದ್ದಳು. ನಾನು ಬರುವ ಹೊತ್ತಿಗೆ ಫಿನಾಯಿಲ್ ಸುರಿದು ಅಂಗಳ ತೊಳೆದಿಡುತ್ತಿದ್ದಳು. ಇಷ್ಟು ಶುಚಿ ಯಾಕೆ ಎಂದು ನಾನು ಕೇಳಲಿಲ್ಲ. ಬಾಡಿಗೆಮನೆಯ ಅಂಜಿಕೆ ಎಂದುಕೊಂಡೆ.

ತಿಂಗಳ ಕೊನೆಯ ಭಾನುವಾರ ನಾನು ಎರಡನೆಯ ಪತ್ರ ಬರೆಯುತ್ತಾ ಕುಳಿತಿದ್ದೆ. ನಾಯಿ ಕಾಲ ಬಳಿ ಮಲಗಿತ್ತು. ಮನೆಯೊಡತಿ ಬಂದು ಬಾಗಿಲನ್ನು ಅಂಗೈಯಿಂದ ದಬದಬ ಬಡಿದರು. ನಾಯಿ ಬೆಚ್ಚಿ ನೆಗೆಯಿತು. ಅದೇ ಕ್ಷಣ ಹಳೆಯ ಕಬ್ಬಿಣಕ್ಕೆ ಕೊಳೆತ ಮೀನು ಉಜ್ಜಿದಂಥ ನಾತ ಕೋಣೆಯನ್ನೆಲ್ಲ ತುಂಬಿತು.

"ಇದೇ ಕಣವ್ವ! ಇದೇ ವಾಸ್ನೆ!" ಅವರು ಹೊಸ್ತಿಲಲ್ಲೇ ಕೂಗಿದರು. "ಈಗ ಹೇಳಿ, ಯಾವ ಮೀನು ಇದು?"

ನಾನು ಬರೆಯುತ್ತಿದ್ದ ಹಾಳೆಯ ಮೇಲೂ ಜಿಡ್ಡಿನ ಒಂದು ಹನಿ ಬಿದ್ದಿತ್ತು. ನಾಯಿಯ ಬಾಲವೆತ್ತಿ ನೋಡಿದೆ. ಗುದದ ಒಂದು ಪಕ್ಕದಲ್ಲಿ ನೆಲ್ಲಿಕಾಯಿಯಷ್ಟು ಬಾವು ಕೆಂಪಗೆ ಮಿನುಗುತ್ತಿತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿ ಗೋಡೆಗೊರಗಿ ನಿಂತಿದ್ದಳು. ಅವಳ ಕಣ್ಣಿನಲ್ಲಿ ಆಶ್ಚರ್ಯವಿರಲಿಲ್ಲ.

"ಅವ್ವ, ನಿನಗೆ ಗೊತ್ತಿತ್ತಾ?"

"ನಾತ ಗೊತ್ತಿತ್ತು. ನೀನು ಅಷ್ಟುದ್ದ ಕಾಗ್ದ ಬರದ್ಬುಟ್ಟಿದ್ದೆ, ವಾಸ್ನೆನೇ ಇಲ್ಲ ಅಂತ. ಇನ್ನು ಐತೆ ಅಂತ ನಾನೆಂಗೆ ಏಳ್ಲಿ?"

ನಾನು ತಲೆ ತಗ್ಗಿಸಿದೆ. ಮನೆಯೊಡತಿ ಒಳಗೆ ಬಂದು ನೆಲಕ್ಕೆ ಕೂತರು. ನಮ್ಮ ಮನೆಯ ನೆಲದ ಮೇಲೆ ಅವರು ಕೂತದ್ದು ಅದೇ ಮೊದಲು. "ಅಯ್ಯೋ ಪಾಪದ್ದೇ, ಎಂಗೆ ಬಾತ್ಕಂಡೈತೆ ನೋಡಿ. ನಾಳೆ ಆಸ್ಪತ್ರೆಗೆ ನಾನೂ ಬತ್ತೀನಿ. ಡಾಕ್ಟ್ರು ನಮ್ಮ ಹಸಕ್ಕೆ ಬರೋರೇಯ" ಎಂದರು.

ಮರುದಿನ ರಜೆ ಹಾಕಿದೆ. ಅವ್ವನ ಹಳೆಯ ಸೀರೆಯ ಪಟ್ಟಿಯಿಂದ ಬಾಯಿ ಕಟ್ಟಿ ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಹಸು ಹಿಡಿದು ಸಾಲಿನಲ್ಲಿ ನಿಂತಿದ್ದ ರೈತನೊಬ್ಬ ನಮಗೆ ಕೇಳುವಂತೆಯೇ ಪಕ್ಕದವನಿಗೆ ಅಂದ:

"ನೋಡ್ಲಾ, ಒಂದು ನಾಯಿ ಕುಂಡಿ ತೋರ್ಸಕ್ಕೆ ಮೂರು ಜನ ಎಂಗಸ್ರು."

"ನಿನ್ ಹಸದ ಕೆಚ್ಚಲು ತೋರ್ಸಕ್ಕೆ ನೀನೇ ಬಂದಿಲ್ವೇನ್ಲಾ? ನಾಚ್ಕೆ ಆಗಲ್ವಾ?" ಎಂದರು ಮನೆಯೊಡತಿ. ಸಾಲೆಲ್ಲ ನಕ್ಕಿತು. ಹೆಂಗಸರನ್ನು ನಗೆಪಾಟಲು ಮಾಡುವ ಆ ನಾಲಿಗೆಯ ಬಗ್ಗೆ ನಾನೂ ಎರಡು ಮಾತು ಸಿದ್ಧಮಾಡಿಕೊಂಡಿದ್ದೆ, ಅವು ಬೇಕಾಗಲಿಲ್ಲ.

ವೈದ್ಯೆ ಚಿಕ್ಕ ವಯಸ್ಸಿನವರು. ಮನೆಯೊಡತಿ ನಾಯಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದರು, ಅವ್ವ ಬೆನ್ನು ನೇವರಿಸಿದಳು. ವೈದ್ಯೆ ಗ್ಲೌಸ್ ಹಾಕಿ, ಬಾವಿನ ಕೀವು ತೆಗೆದು ತೊಳೆದು, ಇನ್ನೊಂದು ಪಕ್ಕವನ್ನು ಮೆಲ್ಲಗೆ ಒತ್ತಿದರು. ಹತ್ತಿಯ ಮೇಲೆ ಕಂದು ಬಣ್ಣದ ಮಂದ ದ್ರವ ಬಂತು. "ಇಲ್ಲಿ ಎರಡೂ ಕಡೆ ಚರ್ಮದ ಒಳಗೆ ಒಂದೊಂದು ಸಣ್ಣ ಚೀಲ ಇರುತ್ತೆ" ಎಂದು ವಿವರಿಸಿದರು. "ನಾಯಿಗಳು ಒಂದನ್ನೊಂದು ಗುರುತು ಹಿಡಿಯುವುದಕ್ಕೂ ಈ ವಾಸನೆ ಬೇಕು. ಮಲ ಗಟ್ಟಿಯಾಗಿದ್ದರೆ ಹೋಗುವಾಗ ಒತ್ತಡ ಬಿದ್ದು ತಾನೇ ಖಾಲಿಯಾಗುತ್ತೆ. ಮೆತ್ತಗಾದರೆ ಒಳಗೇ ಉಳಿದು ಕಟ್ಟಿಕೊಳ್ಳುತ್ತೆ. ಆಗ ನೆಲಕ್ಕೆ ಉಜ್ಜಿದರೂ ಬೆಚ್ಚಿಬಿದ್ದರೂ ನಾತ ಚಿಮ್ಮುತ್ತೆ. ಏನು ಹಾಕ್ತೀರಿ ಇದಕ್ಕೆ?"

"ಹಾಲು, ಬ್ರೆಡ್ಡು ಕಣವ್ವ" ಎಂದಳು ಅವ್ವ.

"ಮುದ್ದೆ ಯಾಕೆ ಹಾಕಲ್ಲ?"

"ಬಾಡಿನ ಸಾರಿಲ್ದೆ ಮುಟ್ಟಲ್ಲ."

"ಸಾರು ಮಾಡಿದರಾಯ್ತು. ಉಪ್ಪು ಖಾರ ಬೀಳುವ ಮೊದಲು ಅದರ ಪಾಲು ತೆಗೆದಿಡಿ."

ಅವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಮನೆಯೊಡತಿ ತಲೆಯೆತ್ತಿದರು. "ಅದ್ಯಾಕೆ ಮಾಡಲ್ಲ? ನಾನು ಬ್ಯಾಡ ಅಂದಿದ್ನಾ?"

"ನೀವು ಅನ್ಲಿಲ್ಲ ಅಮ್ಮೋರೇ. ಹಾಸ್ನದಾಗೆ ಅಂದಿದ್ರು."

ನನ್ನ ಎರಡು ಹಾಳೆಗಳಲ್ಲಿ ಎಲ್ಲಿಯೂ ಇಷ್ಟು ಚಿಕ್ಕ ವಾಕ್ಯ ಇರಲಿಲ್ಲ. ಮನೆಯೊಡತಿ ನಾಯಿಯ ಕಿವಿಯನ್ನು ಸವರುತ್ತಾ ಕುಳಿತರು. ಬಿಸಿನೀರಿನ ಬಟ್ಟೆಯಿಂದ ಕಾವು ಕೊಡಲು, ಐದು ದಿನ ಮಾತ್ರೆ ನುಂಗಿಸಲು, ಬಾವು ಇರುವಾಗ ನಾವಾಗಿ ಎಂದೂ ಹಿಂಡದಿರಲು, ಮುದ್ದೆಯ ಜೊತೆ ಬೇಯಿಸಿದ ಸಿಹಿಗುಂಬಳ ಬೆರೆಸಲು ವೈದ್ಯೆ ಹೇಳಿದರು.

ಮನೆಗೆ ಬಂದ ಮೇಲೆ ನಾನು ಅವರ ಹಿತ್ತಲಿಗೆ ಹೋಗಿ ವಾಸನೆಯ ವಿಷಯದಲ್ಲಿ ಕ್ಷಮೆ ಕೇಳಿದೆ. ನನ್ನ ಪತ್ರ ಮರಳಿ ಕೊಡಿ ಎಂದೆ.

"ಅದಾ? ನಾಕು ಸಾಲು ಓದ್ದೆ. ಕೋರ್ಟ್ ಕಾಗ್ದ ಇದ್ದಂಗಿತ್ತು. ಎದ್ರಿಕೆಯಾಗಿ ದೇವ್ರ ಪಟದಿಂದೆ ಇಕ್ದೆ" ಎಂದು ಒಳಗಿನಿಂದ ತಂದುಕೊಟ್ಟರು. ಒಗೆಯುವ ಕಲ್ಲಿನ ಮೇಲೆ ಕುಳಿತು, ಅವರು ಸುಳ್ಳು ಹೇಳಿದರೆಂದು ನಾನು ಬರೆದಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಹಾಸನದ ಮನೆಗಳನ್ನು ಉಳಿಸಿದೆ. ಲೋಟವನ್ನು ಉಳಿಸಿದೆ. ಉಳಿದದ್ದು ನಿಜ, ಇದನ್ನು ಓದಿ ಎಂದು ಹಿಂದಿರುಗಿಸಿದೆ. ಅವರು ಅಲ್ಲೇ ನಿಂತು, ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತಾ ಓದಿದರು. ಕಿಟಕಿಗಟ್ಟೆಯ ಕಡೆಗೊಮ್ಮೆ ನೋಡಿದರು. ಒಳಗೆ ಹೋದರು.

ನಾಲ್ಕು ದಿನ ಅವ್ವನಿಗೆ ಕಾಫಿ ಬರಲಿಲ್ಲ. ಸಾಮಾನು ಕಟ್ಟಬೇಕೇನೋ ಎಂದು ಅವ್ವ ಪೆಟ್ಟಿಗೆ ಒರೆಸಿಟ್ಟಳು. ತಿಂಗಳು ಮುಗಿಯಿತು. ಐದನೆಯ ದಿನ ಬೆಳಗ್ಗೆ ಕಿಟಕಿಗಟ್ಟೆ ಖಾಲಿಯಾಗಿತ್ತು. ಮನೆಯೊಡತಿ ತಮ್ಮ ಮನೆಯ ಹೂವಿನ ಚಿತ್ರದ ಗಾಜಿನ ಲೋಟದಲ್ಲಿ ಕಾಫಿ ತಂದು, ಅವ್ವ ಕುಡಿದ ಮೇಲೆ ಅದನ್ನು ತಾವೇ ಒಳಗೆ ಒಯ್ದರು. ಮನೆ ಬಿಡುವ ಮಾತು ಮತ್ತೆ ಬರಲಿಲ್ಲ. ಜಾತಿ ಅಳಿಯಿತೆಂದು ನಾನು ಬರೆಯಲಾರೆ; ಅವರ ದೇವರ ಕೋಣೆಯ ಹೊಸ್ತಿಲು ನಾವಿದ್ದಷ್ಟು ದಿನವೂ ಹೊಸ್ತಿಲಾಗಿಯೇ ಉಳಿಯಿತು, ಅವ್ವನ ಬಾಯಿಂದ 'ಅಮ್ಮೋರೇ' ಹೋಗಲಿಲ್ಲ. ಆ ಭಾನುವಾರ ಮಾತ್ರ ನಮ್ಮ ಒಲೆಯ ಮೇಲೆ ಬಾಡು ಬೆಂದಿತು. ನಾಯಿ ಮುದ್ದೆಯ ತಟ್ಟೆಯನ್ನು ಗೋಡೆಯವರೆಗೂ ನೆಕ್ಕುತ್ತಾ ತಳ್ಳಿಕೊಂಡು ಹೋಯಿತು.

ಗಾಯ ಮಾಗಿದ ಮೇಲೂ ಅಪರೂಪಕ್ಕೊಮ್ಮೆ ಅದು ಅಂಗಳದಲ್ಲಿ ಉಜ್ಜಲು ತೊಡಗುತ್ತಿತ್ತು. ಬಾವಿಲ್ಲದಿದ್ದರೆ ಹೇಗೆ ಒತ್ತಬೇಕೆಂದು ವೈದ್ಯೆ ನನ್ನ ಬೆರಳು ಹಿಡಿದು ಕಲಿಸಿದ್ದರು. ಈಗ ಅವ್ವನೂ ಇಲ್ಲ, ನಾಯಿಯೂ ಇಲ್ಲ. ಆದರೆ ಬೀದಿಯಲ್ಲಿ ಯಾವ ನಾಯಿ ಹಾಗೆ ತೆವಳಿದರೂ ನನಗೆ ಕಾಣುವುದು ಇಳಿಬಿಸಿಲಿನ ಆ ಹಿತ್ತಲೇ: ಒಗೆಯುವ ಕಲ್ಲಿನ ಬಳಿ ನಾಯಿ, ಅದರ ತಲೆ ಮನೆಯೊಡತಿಯ ತೊಡೆಯ ಮೇಲೆ, ನಡು ಅವ್ವನ ಕೈಯಲ್ಲಿ, ಬಾಲ ನನ್ನ ಕೈಯಲ್ಲಿ, ಮೂವರ ಮುಖವೂ ಮೂರು ದಿಕ್ಕಿಗೆ.

"ಬಂತಾ ಟೀಚರಮ್ಮ?"

"ಬಂತು."

"ನಂಗೂ ಬಂತು ಕಣ್ರೀ ವಾಸ್ನೆ. ಈಗ ಐತೆ ಅನ್ಲಾ, ಇಲ್ಲ ಅನ್ಲಾ?"

ಅವ್ವ ನಗುತ್ತಾ ನಾಯಿಯ ನಡುವನ್ನು ಬಿಟ್ಟುಬಿಡುತ್ತಿದ್ದಳು. ಅದು ನಮ್ಮ ಕೈ ತಪ್ಪಿಸಿಕೊಂಡು ಅಂಗಳವನ್ನೆಲ್ಲ ಸುತ್ತುತ್ತಿತ್ತು.